ಜಿಂಕೆಗೂ ಕಪ್ಪು ಕರಡಿಗೂ ಒಂದೇ ರೈಫಲ್: ಕ್ಯಾಲಿಬರ್ ಆರಿಸುವುದು ಹೇಗೆ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಉತ್ತರ ಭಾಗದ ಪಾಟರ್ ಕೌಂಟಿಯ ಕಾಡು. ನವೆಂಬರ್ ಕೊನೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದೀರಿ. ಇಳಿಜಾರಿನ ಕೆಳಗೆ ಒಣಗಿದ ಎಲೆ ಸರಪರ ಅನ್ನುತ್ತದೆ. ಬರುತ್ತಿರುವುದು ಬಿಳಿ ಬಾಲದ ಜಿಂಕೆಯೋ ಕಪ್ಪು ಕರಡಿಯೋ ಗೊತ್ತಿಲ್ಲ. ಇಲ್ಲಿನ ಹಲವು ವಲಯಗಳಲ್ಲಿ ಎರಡರ ಬೇಟೆ ಸೀಸನ್ನೂ ಕೆಲವು ದಿನ ಒಟ್ಟಿಗೇ ಬರುತ್ತವೆ. ಎರಡರ ಲೈಸೆನ್ಸೂ ಕಿಸೆಯಲ್ಲಿರಬಹುದು, ಆದರೆ ಕೈಯಲ್ಲಿರುವುದು ಒಂದೇ ರೈಫಲ್. ಅದು ಯಾವ ಕ್ಯಾಲಿಬರ್, ಅಂದರೆ ಎಷ್ಟು ಅಗಲದ ಗುಂಡಿನದ್ದು ಆಗಿರಬೇಕು ಅನ್ನುವುದೇ ಈ ಬರಹ.

ನಾನು ಮಲೆನಾಡಿನವನು. ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರುವುದು ಅಪ್ಪನ ಕೆಲಸ. ಅದು ತೋಟ ಕಾಯುವ ಕೋವಿ. ರೈಫಲ್ ಹಿಡಿದು ಬೇಟೆ ಕಲಿತದ್ದು ಇಲ್ಲಿಗೆ ಬಂದ ಮೇಲೆ. ಹೊಸದಾಗಿ ಕಲಿಯುವ ನಮ್ಮವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ಅಮೆರಿಕದ ಕಾಡಿಗೆ, ಇಲ್ಲಿನ ಕಾನೂನಿಗೆ ಸಂಬಂಧಿಸಿದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜಿಂಕೆ, ಕಡವೆ, ಕರಡಿ ಯಾವುದನ್ನು ಹೊಡೆದರೂ ಅಪರಾಧ, ಅದು ಸರಿಯೂ ಹೌದು. ಇಲ್ಲಿನ ವ್ಯವಸ್ಥೆಯೇ ಬೇರೆ. ಎಷ್ಟು ಪ್ರಾಣಿ, ಯಾವ ವಲಯ, ಯಾವ ದಿನ ಅನ್ನುವುದನ್ನು ರಾಜ್ಯದ ವನ್ಯಜೀವಿ ಇಲಾಖೆಯಾದ ಗೇಮ್ ಕಮಿಷನ್ ಪ್ರತಿ ವರ್ಷ ತೀರ್ಮಾನಿಸುತ್ತದೆ. ಕೋವಿ, ತೋಟಾ ಕೊಂಡಾಗ ಸೇರುವ ತೆರಿಗೆ 1937ರ ಕಾಯ್ದೆಯೊಂದರ ಪ್ರಕಾರ ವನ್ಯಜೀವಿ ಸಂರಕ್ಷಣೆಗೇ ಹೋಗುತ್ತದೆ.

ಮೊದಲು ಕಾಗದ ಪತ್ರ

ಅಂಗಡಿಗೆ ಹೋಗುವ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಅಥವಾ ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅವುಗಳಲ್ಲಿ ಒಂದು. ಅಂದರೆ ಲೈಸೆನ್ಸ್ ಮೊದಲು, ಕೋವಿ ಆಮೇಲೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಸ್ವಲ್ಪ ಅನುಮಾನ ಬಂದರೂ ವಕೀಲರನ್ನು ಕೇಳಿ. ಗೆಳೆಯರ ಕೋವಿಯನ್ನು ಸುಮ್ನೆ ಒಂದು ಸಲ ಹಿಡಿದು ನೋಡುವುದೂ ತೊಂದರೆಗೆ ದಾರಿಯಾದೀತು.

ಆಮೇಲೆ ರಾಜ್ಯದ ನಿಯಮ. ಎಷ್ಟೋ ಕಡೆ ಕ್ಯಾಲಿಬರ್ ಚರ್ಚೆ ಇಲ್ಲಿಗೇ ಮುಗಿದುಹೋಗುತ್ತದೆ. ನ್ಯೂಜೆರ್ಸಿಯಲ್ಲಿ ಜಿಂಕೆಗೆ ತೋಟಾ ಹಾಕುವ ರೈಫಲ್ ಒಯ್ಯುವ ಹಾಗೇ ಇಲ್ಲ. ಶಾಟ್‌ಗನ್, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ ಅಥವಾ ಬಿಲ್ಲು, ಅಷ್ಟೇ. ಒಹಾಯೊದಲ್ಲಿ ರೈಫಲ್ ಒಯ್ದರೆ ನೇರ ಗೋಡೆಯ, ಅಂದರೆ ಬಾಯಿಯ ಹತ್ತಿರ ಕಿರಿದಾಗದ ತೋಟಾಗಳಿಗೆ ಮಾತ್ರ ಅವಕಾಶ. ಅದೂ 2014ರಿಂದ. ಪೆನ್ಸಿಲ್ವೇನಿಯಾದಲ್ಲಿ ಸೆಂಟರ್‌ಫೈರ್ (ತೋಟಾದ ಬುಡದ ನಡುವೆ ಕೇಪಿರುವ) ರೈಫಲ್ ಸರಿ, ಆದರೆ ಜಿಂಕೆ, ಕರಡಿಗೆ ಸೆಮಿ ಆಟೋಮ್ಯಾಟಿಕ್ ರೈಫಲ್ ನಡೆಯುವುದಿಲ್ಲ. ಬೋಲ್ಟ್ ಎಳೆದೋ ಲಿವರ್ ತಿರುಗಿಸಿಯೋ, ಹೀಗೆ ಪ್ರತಿ ಸಲವೂ ಕೈಯಿಂದಲೇ ತೋಟಾ ಏರಿಸುವ ರೈಫಲ್ ಬೇಕು. ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್ ಸುತ್ತಮುತ್ತ ಇನ್ನೂ ಬಿಗಿಯಾದ ನಿಯಮಗಳಿವೆ. ಕರಡಿಗೆ ಬೇರೆಯೇ ಲೈಸೆನ್ಸ್. ಮೊದಲ ಸಲದವರಿಗೆ ಸುರಕ್ಷತಾ ತರಬೇತಿ ಕಡ್ಡಾಯ. ನಿಯಮಗಳು ಬದಲಾಗುತ್ತಲೇ ಇರುತ್ತವೆ. ಪ್ರತಿ ವರ್ಷದ ಕೈಪಿಡಿ ಓದಿ.

ಕ್ಯಾಲಿಬರ್, ತೋಟಾ, ಗ್ರೇನ್

ಕ್ಯಾಲಿಬರ್ ಅಂದರೆ ನಳಿಗೆಯ ಒಳಗಿನ ಅಗಲ. .30 ಅಂದರೆ ಒಂದು ಇಂಚಿನ ನೂರು ಭಾಗದಲ್ಲಿ ಮೂವತ್ತು. ಆದರೆ ಜನ ಕ್ಯಾಲಿಬರ್ ಅಂದಾಗ ಸಾಮಾನ್ಯವಾಗಿ ಅವರ ಮನಸ್ಸಿನಲ್ಲಿರುವುದು ಇಡೀ ತೋಟಾ, ಅಂದರೆ ಗುಂಡು, ಮದ್ದು, ಕೇಪು ಎಲ್ಲ ಸೇರಿದ್ದು. ವ್ಯತ್ಯಾಸ ಗೊತ್ತಿರಲಿ. .30-30, .308, .30-06, .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್) ಈ ನಾಲ್ಕು ತೋಟಾಗಳಲ್ಲೂ ಗುಂಡಿನ ಅಗಲ ಒಂದೇ. ಹಿಂದೆ ತುಂಬಿರುವ ಮದ್ದು ಬೇರೆ ಬೇರೆ. ಹಾಗಾಗಿ ವೇಗ ಬೇರೆ, ಹೊಡೆದಾಗ ಭುಜಕ್ಕೆ ಬೀಳುವ ಒದೆತವೂ ಬೇರೆ. ಒಂದರ ತೋಟಾ ಇನ್ನೊಂದರ ರೈಫಲ್‌ಗೆ ಹಾಕುವ ಮಾತೇ ಇಲ್ಲ. ನಳಿಗೆಯ ಮೇಲೆ ಕೊರೆದ ಹೆಸರು, ಪೆಟ್ಟಿಗೆಯ ಮೇಲಿನ ಹೆಸರು, ತೋಟಾದ ಬುಡದ ಹೆಸರು, ಮೂರೂ ಅಕ್ಷರ ಬಿಡದೆ ಹೊಂದಬೇಕು.

ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ಅದು ನಮಗೆ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ಚಿನ್ನ ತೂಗುವ ತೊಲವನ್ನು 180 ಗ್ರೇನ್ ಅಂತ ನಿಗದಿ ಮಾಡಿದ್ದರು. ಕರಡಿಗೆ ಅಂತ ಜನ ಕೊಳ್ಳುವ 180 ಗ್ರೇನ್ ಗುಂಡು ಅಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ. ಅಂಗೈ ಮೇಲೆ ಇಟ್ಟು ನೋಡಿದರೆ ಅಷ್ಟು ಸಣ್ಣ ವಸ್ತು.

ಯಾವ ಪ್ರಾಣಿ, ಎಷ್ಟು ದೂರ

ಇಲ್ಲಿನ ಬಲಿತ ಗಂಡು ಜಿಂಕೆ ಹೆಚ್ಚುಕಮ್ಮಿ 60ರಿಂದ 70 ಕೆಜಿ. ಚರ್ಮ ತೆಳು, ಪಕ್ಕೆಲುಬು ಹಗುರ. ಅದಕ್ಕೆ ದೊಡ್ಡ ತೋಟಾ ಬೇಕಾಗಿಯೇ ಇಲ್ಲ. ಕರಡಿ ಹಾಗಲ್ಲ. ಗಂಡು ಕರಡಿ 150 ಕೆಜಿ ದಾಟುವುದು ಸಾಮಾನ್ಯ, 300 ಮೀರಿದವೂ ಈ ಕಾಡುಗಳಲ್ಲಿವೆ. ಚಳಿಗಾಲದ ನಿದ್ದೆಗೆ ಮೊದಲು ಓಕ್ ಕಾಯಿ ತಿಂದು ತಿಂದು ಮೈತುಂಬ ಕೊಬ್ಬು ಕಟ್ಟಿರುತ್ತದೆ. ಮೇಲೆ ದಟ್ಟ ಕೂದಲು, ಒಳಗೆ ದಪ್ಪ ಭುಜದ ಮೂಳೆ. ಆದರೂ ಅದನ್ನು ಕವಚ ತೊಟ್ಟ ಪ್ರಾಣಿ ಅಂತ ಹೆದರಬೇಕಿಲ್ಲ. ಒಳ್ಳೆಯ ಜಿಂಕೆ ತೋಟಾವೇ ಗುಂಡು ಸರಿಯಿದ್ದರೆ ಕರಡಿಗೂ ಸಾಕು.

ಇನ್ನು ದೂರ. ನೀವು ಕೂರುವ ಜಾಗಕ್ಕೆ ಸೀಸನ್‌ಗೆ ಮೊದಲೇ ಒಂದು ಸಲ ಹೋಗಿ. ಅತಿ ದೂರದಲ್ಲಿ ಕಾಣುವ ಮರದ ಬುಡದವರೆಗೆ ಹೆಜ್ಜೆ ಹಾಕಿ ಎಣಿಸಿ. ಈ ಗುಡ್ಡಗಾಡಿನ ಕಾಡಿನಲ್ಲಿ ಅದು 100 ಗಜ ಮುಟ್ಟಿದರೆ ಹೆಚ್ಚು. ಹೊಲದಂಚು ಅಥವಾ ಕರೆಂಟ್ ಲೈನ್‌ಗೆ ಕಡಿದ ದಾರಿ ಇದ್ದರೆ 200, 250 ಆಗಬಹುದು. 500 ಗಜದ ಲೆಕ್ಕಾಚಾರ ಪಶ್ಚಿಮದ ಬಯಲು ಸೀಮೆಯವರಿಗೆ. ನಮಗೆ ಬೇಡ.

ನಿಮ್ಮ ಭುಜ ಏನನ್ನುತ್ತದೆ?

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಮೊದಲು ಕೊಂಡದ್ದು .300 ವಿನ್ ಮ್ಯಾಗ್. ‘ಕರಡಿಗೂ ಬೇಕು ಅಂದರೆ ಇದಕ್ಕಿಂತ ಕಡಿಮೆ ತಗೋಬೇಡಿ’ ಅಂತ ಅಂಗಡಿಯವನು ಹೇಳಿದ. ನಾನೂ ಹೂಂ ಅಂದೆ. ಗುರಿ ಅಭ್ಯಾಸದ ರೇಂಜ್‌ನಲ್ಲಿ ಮೊದಲ ಐದು ಗುಂಡು ಚೆನ್ನಾಗಿಯೇ ಬಿದ್ದವು. ಆಮೇಲೆ ಗುರಿ ಚದುರತೊಡಗಿತು. ಸ್ಕೋಪ್ (ಗುರಿ ನೋಡುವ ದುರ್ಬೀನು) ಸಡಿಲವಾಗಿದೆ ಅಂದುಕೊಂಡೆ, ಬಿಗಿ ಮಾಡಿಸಿದೆ. ತೋಟಾ ಬದಲಿಸಿದೆ. ಏನೂ ಸುಧಾರಿಸಲಿಲ್ಲ.

ಕೊಡಗಿನ ಹಿರಿಯರೊಬ್ಬರು ಇಲ್ಲೇ ಹತ್ತಿರದಲ್ಲಿದ್ದಾರೆ. ನಾನು ಅಣ್ಣ ಅಂತಲೇ ಕರೆಯುವುದು. ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೆಳೆದವರು. ಒಂದು ಶನಿವಾರ ರೇಂಜ್‌ಗೆ ಬಂದು, ‘ಕೊಡು, ಇವತ್ತು ತೋಟಾ ನಾನು ತುಂಬುತ್ತೇನೆ, ನೀನು ಆ ಕಡೆ ನೋಡು’ ಅಂದರು. ಮೂರನೆಯ ಸಲ ಕೋವಿಯ ಕುದುರೆ, ಅಂದರೆ ಟ್ರಿಗರ್ ಒತ್ತಿದೆ. ಢಂ ಅನ್ನಲಿಲ್ಲ. ಟಕ್ ಅಂತ ಒಂದು ಸದ್ದು ಮಾತ್ರ. ಆದರೆ ನಳಿಗೆಯ ತುದಿ ತಾನಾಗಿಯೇ ಎರಡು ಬೆರಳಷ್ಟು ಕೆಳಗೆ ಕುಕ್ಕಿತ್ತು. ಎಡಗಣ್ಣು ಮುಚ್ಚಿತ್ತು, ಬಲಗಣ್ಣೂ ಮುಚ್ಚಿತ್ತು. ಭುಜ ಮುಂದಕ್ಕೆ ನೂಕಿತ್ತು. ಅವರು ತುಂಬಿದ್ದು ಮದ್ದಿಲ್ಲದ ಡಮ್ಮಿ ತೋಟಾ. ‘ನೋಡಿದೆಯಾ ಮಾರಾಯ? ಕೋವಿ ಒದೆಯುವ ಮೊದಲೇ ನೀನು ಬೆಚ್ಚುತ್ತಿದ್ದೀಯ’ ಅಂದರು.

ಆ ರೈಫಲ್ ಮಾರಿ .308 ತೆಗೆದುಕೊಂಡೆ. ಬೆಚ್ಚುವ ಚಾಳಿ ಹೋಗಲು ಒಂದಿಡೀ ಬೇಸಿಗೆ ಬೇಕಾಯಿತು. ಸಣ್ಣ .22ರಲ್ಲಿ ನೂರಾರು ಗುಂಡು ಹೊಡೆದ ಮೇಲೆ ಭುಜ ಸಡಿಲಾಯಿತು.

ಒದೆತಕ್ಕೂ ಲೆಕ್ಕವಿದೆ. ಮೂರೂವರೆ ಕೆಜಿ ಆಸುಪಾಸಿನ ರೈಫಲ್‌ನಲ್ಲಿ .243 ವಿಂಚೆಸ್ಟರ್ ಸುಮಾರು 9 ಫುಟ್-ಪೌಂಡ್ (ಇಲ್ಲಿನ ಶಕ್ತಿಯ ಅಳತೆ) ಒದೆಯುತ್ತದೆ. 6.5 ಕ್ರೀಡ್‌ಮೂರ್, 7ಎಂಎಂ-08 ಎರಡೂ 12, 13ರ ಆಸುಪಾಸು. .308 ಹದಿನಾರು ಹದಿನೇಳು, .30-06 ಇಪ್ಪತ್ತು, .300 ವಿನ್ ಮ್ಯಾಗ್ ಇಪ್ಪತ್ತೈದನ್ನೂ ದಾಟುತ್ತದೆ. ಇಪ್ಪತ್ತರಾಚೆಗೆ ಹೆಚ್ಚಿನವರು ಬೆಚ್ಚತೊಡಗುತ್ತಾರೆ. ರೈಫಲ್ ಹಗುರವಾದಷ್ಟೂ ಒದೆತ ಜಾಸ್ತಿ. ಹೊರಲು ಸುಲಭ ಅಂತ ತೀರಾ ಹಗುರದ್ದನ್ನು ಆರಿಸಬೇಡಿ. ಕೊಳ್ಳುವ ಮೊದಲು ಯಾರದ್ದಾದರೂ ರೈಫಲ್‌ನಲ್ಲಿ ರೇಂಜ್‌ನಲ್ಲೇ ಹತ್ತು ಗುಂಡು ಹೊಡೆದು ನೋಡಿ. ಹನ್ನೊಂದನೆಯದಕ್ಕೆ ಮನಸ್ಸು ಹಿಂಜರಿದರೆ ಆ ತೋಟಾ ನಿಮ್ಮದಲ್ಲ.

ಈಗ ತೋಟಾಗಳು, ಒಂದೊಂದಾಗಿ

.243 ವಿಂಚೆಸ್ಟರ್ 1955ರದ್ದು. 100 ಗ್ರೇನ್ ಗುಂಡಿನಲ್ಲಿ ಜಿಂಕೆಗೆ ಬಹಳ ಚೆನ್ನ. ಮಕ್ಕಳಿಗೆ, ಸಣ್ಣ ಮೈಕಟ್ಟಿನವರಿಗೆ ಮೊದಲ ರೈಫಲ್ ಆಗಿ ನಾನು ಹೇಳುವುದು ಇದನ್ನೇ. ಕರಡಿಗೆ? ನಾನಂತೂ ಬೇಡ ಅನ್ನುತ್ತೇನೆ. ಹೊಡೆದು ಕೆಡವಿದವರಿದ್ದಾರೆ. ಆದರೆ ಕರಡಿ ಸ್ವಲ್ಪ ಓರೆಯಾಗಿ ನಿಂತು ಭುಜದ ಮೂಳೆ ಅಡ್ಡ ಬಂದರೆ ಆ ಗುಂಡಿನಲ್ಲಿ ತೂಕ ಸಾಲದು.

6.5 ಕ್ರೀಡ್‌ಮೂರ್ 2007ರಲ್ಲಿ ಬಂದದ್ದು, ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. 140 ಗ್ರೇನ್ ಆಸುಪಾಸಿನ ಗಟ್ಟಿ ಗುಂಡು ಹಾಕಿದರೆ ಎರಡು ಪ್ರಾಣಿಗೂ ಆಗುತ್ತದೆ. 1980ರ 7ಎಂಎಂ-08 ಕೂಡ ಹಾಗೆಯೇ. ಒದೆತ ಕಡಿಮೆ ಇರಲಿ, ಕರಡಿಗೂ ನಂಬಿಕೆ ಇರಲಿ ಅನ್ನುವವರಿಗೆ ಈ 7ಎಂಎಂ-08 ಹೇಳಿ ಮಾಡಿಸಿದ ಹಾಗಿದೆ. ಒಂದೇ ಕೊರತೆ, ಸಣ್ಣ ಊರಿನ ಅಂಗಡಿಗಳಲ್ಲಿ ಪೆಟ್ಟಿಗೆ ಸಿಗದೇ ಹೋಗಬಹುದು.

.308 ವಿಂಚೆಸ್ಟರ್, 1952. ನನ್ನದು ಇದೇ. 150 ಗ್ರೇನ್ ಗುಂಡು ನಳಿಗೆ ಬಿಡುವಾಗ ಸುಮಾರು 2,600 ಫುಟ್-ಪೌಂಡ್ ಶಕ್ತಿ, 200 ಗಜದಲ್ಲೂ 1,700ರ ಸುತ್ತ ಉಳಿದಿರುತ್ತದೆ. ಜಿಂಕೆಗೆ 1,000 ಇದ್ದರೆ ಸಾಕು ಅನ್ನುವುದು ಹಳೆಯ ಬೇಟೆಗಾರರ ಅಂದಾಜು. ಅದು ಅಂದಾಜೇ ಹೊರತು ನಿಯಮವಲ್ಲ. 150 ಗ್ರೇನ್ ಜಿಂಕೆಗೆ, 165 ಅಥವಾ 180 ಗ್ರೇನ್ ಕರಡಿ ಬರಬಹುದಾದ ದಿನಕ್ಕೆ. ಎರಡೂ ಸೀಸನ್ ಒಟ್ಟಿಗಿದ್ದರೆ 165 ಹಾಕಿ ನಿಶ್ಚಿಂತೆಯಿಂದ ಕೂರುತ್ತೇನೆ.

.30-06 ಅನ್ನು ಇಲ್ಲಿ ‘ಥರ್ಟಿ ಆಟ್ ಸಿಕ್ಸ್’ ಅನ್ನುತ್ತಾರೆ. ಕೊನೆಯ 06 ಅಂದರೆ 1906. ಅಮೆರಿಕದ ಸೈನ್ಯಕ್ಕೆ ಬಂದ ವರ್ಷ. .308 ಮಾಡುವುದನ್ನೆಲ್ಲ ಮಾಡುತ್ತದೆ, 180 ಗ್ರೇನ್ ಗುಂಡನ್ನು ಇನ್ನೂ ಸ್ವಲ್ಪ ವೇಗವಾಗಿ ದೂಡುತ್ತದೆ. ಒದೆತವೂ ಸ್ವಲ್ಪ ಜಾಸ್ತಿ. ಮುಂದೆಂದಾದರೂ ಎಲ್ಕ್ ಅನ್ನುವ ಭಾರಿ ಜಿಂಕೆಯ ಬೇಟೆಯ ಯೋಚನೆ ಇದ್ದರೆ ಇದನ್ನೇ ಆರಿಸಿ. 1925ರ .270 ವಿಂಚೆಸ್ಟರ್ ಕೂಡ ಇದೇ ಬಳಗದ್ದು. ಗುಂಡಿನ ದಾರಿ ನೇರ, ಹೊಲದಂಚಿಗೆ ಸೊಗಸು. ಕರಡಿಗಾದರೆ 150 ಗ್ರೇನ್.

ದಟ್ಟ ಕಾಡಿನವರು .30-30 ಮರೆಯಬಾರದು. 1895ರಿಂದ ಈ ಗುಡ್ಡಗಳಲ್ಲಿ ಲಿವರ್ ರೈಫಲ್ ಜೊತೆ ಓಡಾಡುತ್ತಿದೆ. 170 ಗ್ರೇನ್ ಗುಂಡು ನಿಧಾನ, ಆದರೆ 100 ಗಜದೊಳಗೆ ಎರಡೂ ಪ್ರಾಣಿಗೆ ಸಾಕು. 200 ಗಜಕ್ಕೆ ಶಕ್ತಿ 1,000ಕ್ಕೆ ಇಳಿದಿರುತ್ತದೆ. ಒಂದು ಎಚ್ಚರಿಕೆ: ಈ ರೈಫಲ್‌ಗಳಲ್ಲಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೆ ಒಂದು ನಿಲ್ಲುತ್ತವೆ. ಚೂಪು ತುದಿಯ ಗಟ್ಟಿ ಗುಂಡು ಹಾಕಿದರೆ ಅದು ಮುಂದಿನ ತೋಟಾದ ಕೇಪಿಗೆ ತಾಗಿ ಕೊಳವೆಯೊಳಗೇ ಸಿಡಿಯಬಹುದು. ಚಪ್ಪಟೆ ಮೂತಿಯದು ಅಥವಾ ಇದಕ್ಕೆಂದೇ ಮಾಡಿದ ಮೆತ್ತನೆ ತುದಿಯದು ಮಾತ್ರ.

ನೇರ ಗೋಡೆಯ ತೋಟಾ ಕಡ್ಡಾಯವಿರುವ ಕಡೆ 2019ರ .350 ಲೆಜೆಂಡ್ ಜಿಂಕೆಗೆ ಸರಿ. ಅದೇ ನಿಯಮದೊಳಗೆ ಇನ್ನೂ ಭಾರದ್ದು ಬೇಕಿದ್ದರೆ 1873ರ .45-70 ಇದೆ. ಅದರ ಒದೆತ ನೆನಪಿರಲಿ.

ನಮ್ಮೂರ ಠಾಣೆಗಳಲ್ಲಿ ನೋಡಿದ ‘ತ್ರೀ ನಾಟ್ ತ್ರೀ’ ಆಗುತ್ತದಾ ಅಂತ ಒಬ್ಬರು ಕೇಳಿದ್ದರು. ಆಗುತ್ತದೆ. ಕೆನಡಾದಲ್ಲಿ ಹಳೆಯ .303 ರೈಫಲ್‌ಗಳಲ್ಲಿ ಕರಡಿ, ಮೂಸ್ ಹೊಡೆದವರು ಲೆಕ್ಕವಿಲ್ಲದಷ್ಟು. ಆದರೆ ಸೈನ್ಯದ ಗುಂಡಲ್ಲ, ಬೇಟೆಗೆಂದೇ ಮಾಡಿದ ಮೃದು ತುದಿಯ ಗುಂಡು.

ಗುಂಡಿನ ಗುಣ

.308 ಮೇಲೋ .30-06 ಮೇಲೋ ಅಂತ ಗಂಟೆಗಟ್ಟಲೆ ವಾದ ಮಾಡುವವರು, ಪೆಟ್ಟಿಗೆಯೊಳಗಿನ ಗುಂಡು ಯಾವುದು ಅಂತ ನೋಡಿರುವುದೇ ಇಲ್ಲ. ಕೆಲಸ ಮಾಡುವುದು ಅದು ತಾನೆ?

ಸಾಮಾನ್ಯ ಸಾಫ್ಟ್ ಪಾಯಿಂಟ್ ಗುಂಡಿನಲ್ಲಿ ತಾಮ್ರದ ಹೊದಿಕೆ, ಒಳಗೆ ಸೀಸ. ಮೈಗೆ ತಾಗಿದ ಕೂಡಲೇ ಅಣಬೆಯ ಹಾಗೆ ಅರಳುತ್ತದೆ. ಅಗ್ಗ. ಜಿಂಕೆಗೆ ಬೇಕಾದಷ್ಟಾಯಿತು. ಕರಡಿಯ ಭುಜದ ಮೂಳೆಗೆ ತಾಗಿದರೆ ಮಾತ್ರ ಕೆಲವೊಮ್ಮೆ ಒಡೆದು ಚೂರಾಗಿ ಒಳಕ್ಕೆ ಇಳಿಯುವುದೇ ಇಲ್ಲ. ಅದಕ್ಕೇ ಬಾಂಡೆಡ್ ಗುಂಡು, ಅಂದರೆ ಹೊದಿಕೆಯನ್ನೂ ಸೀಸವನ್ನೂ ಬೆಸೆದದ್ದು. ಅಥವಾ ನಡುವೆ ಅಡ್ಡಗೋಡೆ ಇರುವ ನೋಸ್ಲರ್ ಪಾರ್ಟಿಷನ್. ಮುಂದಿನ ಅರ್ಧ ಅರಳಿದರೂ ಹಿಂದಿನ ಅರ್ಧ ಗಟ್ಟಿಯಾಗಿ ಮುಂದೆ ಸಾಗುತ್ತದೆ. ಪೂರ್ತಿ ತಾಮ್ರದ ಗುಂಡು ಇನ್ನೊಂದು ಬಗೆ. ತೂಕ ಕಳೆದುಕೊಳ್ಳುವುದೇ ಇಲ್ಲ ಅನ್ನಬಹುದು. ಮಾಂಸದಲ್ಲಿ ಸೀಸದ ಚೂರು ಉಳಿಯುವ ಚಿಂತೆಯೂ ಇಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಇದನ್ನು ಯೋಚಿಸಿ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡೇ ನಿಷೇಧ.

ಕರಡಿಗೆ ಗಟ್ಟಿ ಗುಂಡು ಯಾಕೆ ಅಂತ ನಾನು ಕಣ್ಣಾರೆ ಕಂಡೆ. ನಮ್ಮ ಗುಂಪಿನವರೊಬ್ಬರು ಅಗ್ಗದ ಗುಂಡಿನಲ್ಲಿ ಹೊಡೆದರು. ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿತ್ತು, ಆದರೆ ಗುಂಡು ಆಚೆ ಬದಿಗೆ ಹೊರಬರಲಿಲ್ಲ. ಒಳಹೋದ ತೂತನ್ನು ಕೊಬ್ಬು ಮುಚ್ಚಿತು, ಬಂದ ಚೂರುಪಾರು ರಕ್ತವನ್ನು ಕೂದಲು ಹೀರಿತು. ನೆಲದ ಮೇಲೆ ಒಂದು ಹನಿಯಿಲ್ಲ. ಮೂರು ಜನ ಮಂಡಿಯೂರಿ, ಮಗುಚಿದ ಎಲೆಗಳ ಹಸಿ ಬದಿ ನೋಡುತ್ತ ನೋಡುತ್ತ ಹೋದೆವು. ಎಂಬತ್ತೇ ಗಜದಲ್ಲಿ ಬಿದ್ದಿತ್ತು. ಹುಡುಕಲು ಎರಡು ಗಂಟೆ ಹಿಡಿಯಿತು. ಎರಡು ತೂತು ಇದ್ದಿದ್ದರೆ ಹತ್ತು ನಿಮಿಷದ ಕೆಲಸ.

ರೇಂಜ್‌ನಿಂದ ಕಾಡಿಗೆ

ಆರಿಸಿದ ಗುಂಡಿನ ಎರಡು ಮೂರು ಪೆಟ್ಟಿಗೆ ಒಟ್ಟಿಗೇ ಕೊಳ್ಳಿ. ಬ್ರ್ಯಾಂಡ್ ಬದಲಾದರೆ ಗುರಿಯೂ ಬದಲಾಗುತ್ತದೆ. ಕಿವಿಗೆ, ಕಣ್ಣಿಗೆ ರಕ್ಷಣೆ ತಪ್ಪಿಸಬೇಡಿ. ಮೊದಲು 25 ಗಜದಲ್ಲಿ ಕಾಗದದ ಮೇಲೆ ತಾಗುವಂತೆ ಸ್ಕೋಪ್ ತಿರುಗಿಸಿ, ಆಮೇಲೆ 100 ಗಜ. .308ರಲ್ಲಿ 100 ಗಜಕ್ಕೆ ಸುಮಾರು ಎರಡಿಂಚು ಮೇಲೆ ತಾಗುವಂತೆ ಇಟ್ಟರೆ 200 ಗಜದಲ್ಲಿ ಹೆಚ್ಚುಕಮ್ಮಿ ನೇರ ಬರುತ್ತದೆ.

ಆಮೇಲೆ ಬೆಂಚ್ ಬಿಟ್ಟು ಏಳಿ. ಕಾಡಿನಲ್ಲಿ ಬೆಂಚ್ ಇಲ್ಲ ಅಲ್ವಾ? 8 ಇಂಚಿನ ಕಾಗದದ ತಟ್ಟೆ ನಿಲ್ಲಿಸಿ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಅಷ್ಟೇ. ನೆಲದ ಮೇಲೆ ಕೂತು, ಮಂಡಿಯೂರಿ, ಮರಕ್ಕೆ ಒರಗಿ ಐದೈದು ಗುಂಡು ಹೊಡೆಯಿರಿ. ಐದೂ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ಮಿತಿ. ತೋಟಾದ ಪೆಟ್ಟಿಗೆ ಮೇಲೆ 400 ಗಜದ ಲೆಕ್ಕ ಬರೆದಿದ್ದರೂ ನಿಮ್ಮದು 90 ಇದ್ದರೆ 90ರಲ್ಲೇ ನಿಲ್ಲಿ.

ಕರಡಿ ಬಂದಾಗ ಆತುರ ಬೇಡ. ಹಿಂದೆ ಮರಿಗಳಿವೆಯೇ ನೋಡಿ, ಇದ್ದರೆ ಕೋವಿ ಇಳಿಸಿ. ಎದುರಿಗೆ ಮುಖ ಮಾಡಿ ನಿಂತಾಗ ಹೊಡೆಯಬೇಡಿ. ತಲೆಗಂತೂ ಬೇಡವೇ ಬೇಡ. ಅಡ್ಡ ತಿರುಗಲಿ, ಈ ಕಡೆಯ ಮುಂಗಾಲು ಮುಂದಿಡಲಿ. ಕಾಲಿನ ಹಿಂಬದಿಗೆ, ಕೆಳಗಿನಿಂದ ಮೈ ಎತ್ತರದ ಮೂರನೇ ಒಂದಕ್ಕಿಂತ ತುಸು ಮೇಲೆ ಗುರಿಯಿಡಿ. ಹೊಟ್ಟೆ ಕೆಳಗೆ ಜೋಲುವುದು ಬರೀ ಕೂದಲು. ಅದನ್ನು ಮೈ ಅಂದುಕೊಂಡರೆ ಗುಂಡು ಕೆಳಗೆ ಬೀಳುತ್ತದೆ. ಹೊಡೆದ ತಕ್ಷಣ ಬೋಲ್ಟ್ ಎಳೆದು ಇನ್ನೊಂದು ತೋಟಾ ಏರಿಸಿ, ಸ್ಕೋಪ್‌ನಿಂದ ಕಣ್ಣು ತೆಗೆಯಬೇಡಿ. ಬಿದ್ದು ಅಲುಗಾಡದಿದ್ದರೂ ಅರ್ಧ ಗಂಟೆ ಕೂತೇ ಇರಿ. ಪೆನ್ಸಿಲ್ವೇನಿಯಾದಲ್ಲಿ ಕರಡಿಯನ್ನು 24 ಗಂಟೆಯೊಳಗೆ ತಪಾಸಣಾ ಕೇಂದ್ರಕ್ಕೆ ಒಯ್ಯಬೇಕು. ಕರಡಿ ಮಾಂಸದಲ್ಲಿ ಟ್ರಿಕಿನೆಲ್ಲ ಹುಳು ಇರಬಹುದು, ಅದರ ಕೆಲವು ಜಾತಿ ಫ್ರೀಜರ್‌ನಲ್ಲೂ ಸಾಯುವುದಿಲ್ಲ. ಒಳಗಿನ ತನಕ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿ. ನಾವು ಮಾಡುವ ಹಾಗೆ ಕುಕ್ಕರ್‌ನಲ್ಲಿ ಮೊದಲು ಬೇಯಿಸಿ, ಆಮೇಲೆ ಮೆಣಸು ಹಾಕಿ ಹುರಿದರೆ ಆ ಚಿಂತೆ ಇರುವುದಿಲ್ಲ.

ಇನ್ನೊಂದು ಕೆಲಸ ಉಳಿಯಿತು. ಸೀಸನ್ ಮುಗಿಯುವ ಹೊತ್ತಿಗೆ ಡಿಸೆಂಬರ್, ನಮ್ಮಲ್ಲಿ ಹೆಚ್ಚಿನವರು ಊರಿಗೆ ಹೊರಡುವ ತಿಂಗಳು. ಬೇಟೆಗೆ ಒಯ್ದ ಚೀಲವನ್ನೇ ವಿಮಾನಕ್ಕೆ ಒಯ್ಯಬೇಡಿ. ಜಾಕೆಟ್ಟಿನ ಕಿಸೆ, ಹೊಲಿಗೆಯ ಸಂದು ಎಲ್ಲವನ್ನೂ ಮಗುಚಿ, ಕೊಡವಿ ನೋಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ. ನಾನು ಬೇಟೆಯ ಚೀಲಕ್ಕೆ ಕೆಂಪು ದಾರ ಕಟ್ಟಿ ಗ್ಯಾರೇಜಿನಲ್ಲೇ ಇಡುತ್ತೇನೆ. ಅದು ಮನೆಯೊಳಗೆ ಬರುವುದಿಲ್ಲ.